ಟೈಲರಕ್ಕನ ಎರಡು ಡಬ್ಬಿ

ಹೋದ ಭಾನುವಾರ ಬೀರುವಿನ ತಳದಿಂದ ಒಂದು ಹಸಿರು ರವಿಕೆ ಹೊರಬಂತು. ನುಸಿಗುಳಿಗೆಯ ವಾಸನೆ, ಅದರ ಅಡಿಯಲ್ಲಿ ತೀರಾ ಮಂದವಾಗಿ ಮಿಷಿನ್ ಎಣ್ಣೆಯ ವಾಸನೆ. ನನ್ನ ಮಗಳು ನರಸಾಪುರದ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಕ್ರಿಸ್‌ಮಸ್‌ಗೆ ಎಲ್ಲರೂ ಕೆಂಪು ಇಲ್ಲವೇ ಹಸಿರು ತೊಟ್ಟು ಬರಬೇಕಂತೆ. ಅಂಗಡಿಯ ಹಸಿರು ಯಾವುದೂ ಇವಳ ಕಣ್ಣಿಗೆ ಹಸಿರಾಗಿ ಕಾಣಲಿಲ್ಲ. ನನ್ನ ಇಪ್ಪತ್ತು ವರ್ಷದ ಹಿಂದಿನ ರವಿಕೆ ಕಂಡದ್ದೇ ತಡ, ‘ವಿಂಟೇಜ್’ ಎಂದು ಎದೆಗೆ ಒತ್ತಿಕೊಂಡಳು. ನನ್ನ ಯೌವನ ಆಗಲೇ ವಿಂಟೇಜ್ ಆಗಿಹೋಗಿದೆ ಎಂದು ತಿಳಿದು ನನಗಾದ ಬೇಸರವನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ.

ಬಗಲ ಹೊಲಿಗೆ ಬಿಚ್ಚಿ ಸಡಿಲ ಮಾಡೋಣವೆಂದು ಬ್ಲೇಡು ಹಿಡಿದು ಕೂತೆ. ಲೈನಿಂಗಿನ ಒಳಗಿಂದ ಒಂದು ಚೀಟಿ ಮಡಿಲಿಗೆ ಬಿತ್ತು. ಕಾಗದದ್ದಲ್ಲ, ಬಿಳಿ ಬಟ್ಟೆಯ ತುಂಡು. ಎರಡಾಗಿ ಮಡಿಸಿ, ಅಂಚಿಗೆ ಸಣ್ಣ ಸಣ್ಣ ಹೊಲಿಗೆ ಹಾಕಿ ಮುಚ್ಚಿತ್ತು. ಮೇಲೆ ಬಾಲ್‌ಪೆನ್ನಿನ ನೀಲಿ ಅಕ್ಷರ: ‘ಪಕ್ಕದ್ಮನೆ ಸೊಸೆ. ಉದ್ದ ಹದಿಮೂರೂವರೆ.’

“ಯಾರಮ್ಮ ಇದು, ಪಕ್ಕದ್ಮನೆ ಸೊಸೆ?” ಎಂದಳು ಮಗಳು.

ನಾನೇ ಎಂದೆ. ಚೀಟಿಯ ಒಳಗೆ ಏನಿತ್ತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಅದನ್ನು ಬರೆದವರ ವಿಷಯ ಹೇಳದಿದ್ದರೆ ಅದು ಯಾರಿಗೂ ಅರ್ಥವಾಗುವುದಿಲ್ಲ.

ನಾನು ರಾಯಲ್ಪಾಡಿನವಳು. ಶ್ರೀನಿವಾಸಪುರಕ್ಕೆ ಸೊಸೆಯಾಗಿ ಬಂದಾಗ ನನ್ನ ಬಾಯಿ ಅರ್ಧ ಕನ್ನಡಕ್ಕೆ ತಿರುಗಿತ್ತು, ಕಿವಿ ಮಾತ್ರ ಪೂರ್ತಿ ತೆಲುಗಿನಲ್ಲೇ ಇತ್ತು. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿಕೊಂಡ ಮನೆ ಟೈಲರಕ್ಕನದು. ಮಾಲೂರಿನ ಕಡೆಯವರು, ಕ್ರಿಶ್ಚಿಯನ್ನರು. ವಯಸ್ಸು ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರ ರವಿಕೆಯೂ ಅವರ ಕೈಯಲ್ಲಿದ್ದಾಗ ಯಾರು ತಾನೇ ಕೇಳುತ್ತಾರೆ?

ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು, ಗುಂಡುಪಿನ್ನು ಕಚ್ಚಿಕೊಂಡೇ ಪ್ರಾರ್ಥನೆಯನ್ನೂ ಮಾಡುತ್ತಿದ್ದರು. ಮಿಷಿನ್ ತುಳಿಯುತ್ತಾ ಮುಣಮುಣ ಎನ್ನುತ್ತಿದ್ದರೆ ಅದು ನಮ್ಮ ಮೇಲಿನ ಬೈಗುಳವೋ ದೇವರ ಹತ್ತಿರದ ಬೇಡಿಕೆಯೋ ಗೊತ್ತಾಗುತ್ತಿರಲಿಲ್ಲ. ಪಿನ್ನು ಕಚ್ಚಿದ ಮಾತೂ ದೇವರಿಗೆ ತಿಳಿಯುತ್ತದೆ ಎನ್ನುತ್ತಿದ್ದರು. ಬಾಯಿಬಿಟ್ಟು, ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಎಂದರೆ ಮಾತ್ರ ಅವರಿಗೆ ಎಲ್ಲಿಲ್ಲದ ನಾಚಿಕೆ. ಚರ್ಚಿನಲ್ಲೂ ಹಾಡಿಗೆ ಮುಂದೆ, ಪ್ರಾರ್ಥನೆಗೆ ಹಿಂದೆ ನಿಲ್ಲುತ್ತಿದ್ದರಂತೆ.

ನಮ್ಮ ಬೀದಿಯಲ್ಲಿ ಆಗ ನಾಲ್ವರು ಮಂಜುಳ, ಮೂವರು ಲಕ್ಷ್ಮೀದೇವಮ್ಮ. ಒಂದು ಯುಗಾದಿಗೆ ಒಬ್ಬ ಮಂಜುಳಾಳ ರವಿಕೆ ಇನ್ನೊಬ್ಬ ಮಂಜುಳಾಳಿಗೆ ಹೋಗಿ, ಅವಳು ಹಬ್ಬವಿಡೀ ಉಸಿರು ಬಿಗಿಹಿಡಿದುಕೊಂಡೇ ಒಬ್ಬಟ್ಟು ತಿಂದಳಂತೆ. ಅಂದಿನಿಂದ ಅಕ್ಕ ಹೆಸರು ಬರೆಯುವುದನ್ನೇ ಬಿಟ್ಟರು. ಬಿಳಿ ಬಟ್ಟೆಯ ಚೂರಿನ ಮೇಲೆ ‘ನೀರಿನ ಟ್ಯಾಂಕ್ ಮನೆ ಅಕ್ಕ’, ‘ಮೇಷ್ಟ್ರ ಹೆಂಡತಿ’, ‘ಪಕ್ಕದ್ಮನೆ ಅತ್ತೆ’ ಎಂದು ಬರೆದು, ಕೆಳಗೆ ಅಳತೆ, ಅದರ ಕೆಳಗೆ ಅವರವರ ತಕರಾರು. ಹೊಲಿಯುವಾಗ ಚೀಟಿಯನ್ನು ಬಟ್ಟೆಗೆ ಚುಚ್ಚಿಕೊಳ್ಳುವುದು, ಹೊಲಿದಾದ ಮೇಲೆ ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕುವುದು. ಡಬ್ಬಿ ಮಿಷಿನ್ನಿನ ಕೆಳಗೆ, ಪೆಡಲಿನ ಪಕ್ಕದಲ್ಲಿ ಇರುತ್ತಿತ್ತು.

ಕ್ರಿಸ್‌ಮಸ್ ಬಂತೆಂದರೆ ಬಾಗಿಲಿಗೆ ಕಾಗದದ ನಕ್ಷತ್ರ, ಬೀದಿಗೆಲ್ಲ ಕೇಕು ಮತ್ತು ಕಜ್ಜಾಯ. ನಮ್ಮತ್ತೆ ಮಡಿ ಮಡಿ ಎನ್ನುವವರು. ಕೇಕಿನಲ್ಲಿ ಮೊಟ್ಟೆ ಇರುತ್ತದೆ ಎಂದು ಮುಟ್ಟುತ್ತಿರಲಿಲ್ಲ. ಅದಕ್ಕೇ ಅಕ್ಕ ಅವರೊಬ್ಬರಿಗಾಗಿ ಬೇರೆ ಬಾಣಲೆಯಲ್ಲಿ ಕಜ್ಜಾಯ ಮಾಡಿ, ಮುತ್ತುಗದ ಎಲೆ ಮುಚ್ಚಿ ತರುತ್ತಿದ್ದರು. ಅತ್ತೆ ಅದರಲ್ಲೂ ಬೆಲ್ಲ ಕಡಿಮೆ ಎನ್ನುತ್ತಿದ್ದರು. ಎಲೆ ಮಾತ್ರ ಖಾಲಿಯಾಗಿಯೇ ಹಿಂದಿರುಗುತ್ತಿತ್ತು.

ನಾನು ಬಂದ ಮೊದಲ ವರ್ಷ, ಕ್ರಿಸ್‌ಮಸ್ಸಿನ ಮರುದಿನ, ಭಾನುವಾರ... ಸುನಾಮಿ ಬಂತು.

ಬೀದಿಯ ಅರ್ಧ ಜನ ನಮ್ಮ ಟಿವಿಯ ಮುಂದೆ ನಿಂತಿದ್ದರು. ನಾವು ಕೋಲಾರದ ಕಡೆಯವರು, ಕೆರೆ ತುಂಬಿದರೆ ಬುತ್ತಿ ಕಟ್ಟಿಕೊಂಡು ನೋಡಲು ಹೋಗುವವರು. ಸಮುದ್ರವನ್ನು ಅಲ್ಲಿ ನಿಂತವರಲ್ಲಿ ಇಬ್ಬರು ಮಾತ್ರ ಕಂಡಿದ್ದರು. ಮತ್ತೆ ಮತ್ತೆ ಸುನಾಮಿ ಸುನಾಮಿ ಎನ್ನುವುದನ್ನು ಕೇಳಿ ಅತ್ತೆ, “ಎವರೇ ಆ ಸುನಾಮಿ?” ಎಂದು ತೆಲುಗಿನಲ್ಲಿ ನನ್ನನ್ನು ಕೇಳಿದರು. ಯಾರೋ ಹೆಂಗಸು, ಏನು ಕೋಪವೋ ಅವಳಿಗೆ ಎಂದುಕೊಂಡಿದ್ದರು. ಅದು ನೀರು ಎಂದೆ. ಟಿವಿಯ ಮೇಲೆ ಹಿಂದಿನ ದಿನದ ಕೇಕಿನ ತಟ್ಟೆ ಹಾಗೇ ಇತ್ತು. ಅಕ್ಕ ಚರ್ಚಿನಿಂದ ನೇರವಾಗಿ ಬಂದು, ಬಿಳಿ ಸೀರೆಯಲ್ಲಿ, ಬೈಬಲ್ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು.

ಎರಡು ದಿನ ಬಿಟ್ಟು ಹೇಳಿದರು: “ಅವರು ಹೋಗೋ ಹೊತ್ತಿಗೆ ನಾನು ಸ್ತೋತ್ರ ಹಾಡ್ತಿದ್ದೆ ಕಣೇ. ಚೆನ್ನಾಗಿ ಹಾಡ್ತಿದ್ದೆ.”

ಆ ಮಾತು ಅವರನ್ನು ವರ್ಷವಿಡೀ ಬಿಡಲಿಲ್ಲ. ರವಿಕೆಗೆ ಅಳತೆ ತೆಗೆಯುವಾಗ ಟೇಪು ನನ್ನ ಭುಜದ ಮೇಲೆ ಇಟ್ಟು ಮರೆತು ನಿಲ್ಲುತ್ತಿದ್ದರು. ಗೊತ್ತಿಲ್ಲದವರಿಗಾಗಿ ಹೇಗೆ ಪ್ರಾರ್ಥನೆ ಮಾಡುವುದು ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇನೋ ದೊಡ್ಡ ಪಾಸ್ಟರಮ್ಮ ಎನ್ನುವ ಹಾಗೆ. ಒಬ್ಬರ ಮುಖವೂ ತಿಳಿಯದು, ಹೆಸರೂ ತಿಳಿಯದು. ‘ಸತ್ತವರೆಲ್ಲರಿಗೂ’ ಎಂದುಬಿಟ್ಟರೆ ಅದು ಅಳತೆ ತೆಗೆಯದೆ ಹೊಲಿದ ಹಾಗೆ, ಯಾರಿಗೂ ಹತ್ತುವುದಿಲ್ಲ ಎನ್ನುವುದು ಅವರ ವಾದ.

ಮುಂದಿನ ಡಿಸೆಂಬರಿನಲ್ಲಿ ಒಂದು ಉಪಾಯ ಮಾಡಿಕೊಂಡರು. ಇನ್ನೊಂದು ಬಿಸ್ಕತ್ತಿನ ಡಬ್ಬಿ ತೆಗೆದು, ಅದೇ ಬಿಳಿ ಬಟ್ಟೆಯ ಚೂರುಗಳ ಮೇಲೆ ಊಹಿಸಿ ಊಹಿಸಿ ಬರೆದರು: ‘ಮೀನು ಮಾರುವ ಅಕ್ಕ’, ‘ದೋಣಿಯ ಅಣ್ಣ’, ‘ದಡದಲ್ಲಿ ಆಡುತ್ತಿದ್ದ ತಮ್ಮ’. ಕ್ರಿಸ್‌ಮಸ್ಸಿನ ಮರುದಿನ ಸಂಜೆ ಐದಕ್ಕೆ ಅವರ ಮನೆ ಮುಂದೆ ಬೀದಿಯವರೆಲ್ಲ ಕೂರಬೇಕು, ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಿ ಓದಬೇಕು, ಕೊನೆಗೆ ಅಕ್ಕ ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕು. ಪಾಸ್ಟರಿಗೆ ಅಂದು ಬೇರೆ ಎರಡು ಊರಿತ್ತು, ಬರುವಂತಿರಲಿಲ್ಲ. “ಒಂಟಿಯಾಗಿ ಕೇಳಿ ಕೇಳಿ ಸಾಕಾಗಿದೆ. ಬೀದಿಯೇ ಬಂದು ಕೇಳಿದ್ರೆ ಮೇಲಿರೋ ಅವನೂ ಎದ್ದು ಕೂರ್ಬೇಕಾಗುತ್ತೆ,” ಎಂದರು. ಮನೆ ಮನೆಗೆ ಹೋಗಿ ಕರೆದರು. ಕೇಕು ತಿನ್ನಲು ಬರುವವರು ಇದಕ್ಕೂ ಬರುತ್ತಾರೆಯೇ ಎಂಬುದೊಂದೇ ಅವರ ಚಿಂತೆ.

ಅತ್ತೆ ಬೇಡವೆಂದರು. ನಮ್ಮ ಬೀದಿಯಲ್ಲಿ ಅತ್ತೆ ಹೋಗದ ಕಡೆಗೆ ಬೇರೆಯವರೂ ಹೋಗುತ್ತಿರಲಿಲ್ಲ. ಅವರನ್ನು ತಪ್ಪು ಎನ್ನಲಾರೆ. ನಾನಾಗ ಆರು ತಿಂಗಳ ಬಸುರಿ. ಅದಕ್ಕೆ ಮೊದಲು ಒಂದು ಸಲ ಮೂರು ತಿಂಗಳಿಗೇ ಕಳೆದುಕೊಂಡಿದ್ದೆ. ಆಗ ನನಗಿಂತ ಹೆಚ್ಚು ಅತ್ತವರು ಅತ್ತೆ. ಬಸುರಿ ಇರುವ ಮನೆಯ ಗೋಡೆಯಾಚೆ ಕೂತು ಸತ್ತವರ ಪಟ್ಟಿ ಓದುವುದೆಂದರೆ ಅವರಿಗೆ ಎದೆ ನಡುಗುತ್ತಿತ್ತು. ನೇರವಾಗಿ ಅಕ್ಕನಿಗೇ ಹೇಳಿಬಿಟ್ಟರು. ಅಕ್ಕ ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು, ಸರಿ ಅಮ್ಮ ಎಂದರು, ಅಷ್ಟೆ. ಚಾಪೆ ಹಾಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಐದು ಗಂಟೆ. ಚಾಪೆಯ ಮೇಲೆ ಅಕ್ಕ, ಒಂದು ಮೇಣದಬತ್ತಿ, ಎದುರುಮನೆಯ ರಿಟೈರ್ಡ್ ಮೇಷ್ಟ್ರು. ಮೇಷ್ಟ್ರು ಎಲ್ಲಿ ಚಾಪೆ ಹಾಸಿದರೂ ಕೂರುವವರು, ಅವರು ಲೆಕ್ಕಕ್ಕಿಲ್ಲ. ಐದೂ ಕಾಲಾಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ಮೇಣದಬತ್ತಿಯನ್ನು ನೆಟ್ಟಗೆ ಮಾಡುತ್ತಿದ್ದರು, ಅದು ನೆಟ್ಟಗೇ ಇತ್ತು. ಅತ್ತೆಯೂ ನನ್ನ ಹಿಂದೆ ನಿಂತು ನೋಡಿದರು. ಇದ್ದಕ್ಕಿದ್ದ ಹಾಗೆ, ತಮ್ಮ ರವಿಕೆ ವಾರದಿಂದ ಅಲ್ಲೇ ಬಿದ್ದಿದೆ, ಹೋಗಿ ಈಸಿಕೊಂಡು ಬರುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರು. ಅದೂ ಆಗಲೇ, ಆ ಹೊತ್ತಿನಲ್ಲೇ! ನಾನು ಹಿಂದೆಯೇ ಹೋದೆ. ಅತ್ತೆ ಗೇಟು ದಾಟಿದ್ದನ್ನು ಕಂಡು ಟ್ಯಾಂಕ್ ಮನೆಯವರು ಬಂದರು, ಮಂಜುಳರು ಬಂದರು. ಹತ್ತು ನಿಮಿಷದಲ್ಲಿ ಚಾಪೆ ಸಾಲಲಿಲ್ಲ. ರವಿಕೆ ಕೇಳಲು ಬಂದ ಅತ್ತೆ ಎಲ್ಲರ ಮುಂದೆ ಕೂತುಬಿಟ್ಟರು. ನನಗೆ ಮಾತ್ರ ದೂರ ನಿಲ್ಲು ಎಂದು ಕಣ್ಣಲ್ಲೇ ಹೇಳಿದರು.

ಬಾಗಿಲ ಹತ್ತಿರ ನಿಂತಿದ್ದವಳು ನಾನೊಬ್ಬಳೇ. ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ, “ಮಿಷಿನ್ ಹಿಂದ ಡಬ್ಬಿ ಇದೆ, ತಗೊಂಬಾ ತಾಯಿ,” ಎಂದರು.

ಗಾಬರಿಯಲ್ಲಿ ಅವರ ದನಿ ಇಳಿದುಹೋಗಿತ್ತು. ನನ್ನ ರಾಯಲ್ಪಾಡಿನ ಕಿವಿಗೆ ಕೇಳಿಸಿದ್ದು ‘ಕಿಂದ’. ತೆಲುಗಿನಲ್ಲಿ ಕಿಂದ ಎಂದರೆ ಕೆಳಗೆ. ಮಿಷಿನ್ನಿನ ಕೆಳಗೆ ಬಗ್ಗಿ, ಅಲ್ಲಿದ್ದ ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಬಂದೆ. ಎರಡೂ ಒಂದೇ ಕಂಪನಿಯ ಡಬ್ಬಿ, ಎರಡರ ಮೇಲೂ ಅದೇ ಗುಲಾಬಿ ಹೂವಿನ ಚಿತ್ರ.

ಮೊದಲ ಚೀಟಿ ಮೇಷ್ಟ್ರು ಎತ್ತಿದರು. ಕನ್ನಡಕ ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಕರೆಯುವ ಗತ್ತಿನಲ್ಲಿ ಓದಿದರು: “ನೀರಿನ ಟ್ಯಾಂಕ್ ಮನೆ ಅಕ್ಕ. ತೋಳು ಮೊಣಕೈವರೆಗೆ.” ಒಂದು ಕ್ಷಣ ತಡೆದು, ಕ್ರಿಶ್ಚಿಯನ್ನರ ಪದ್ಧತಿ ಹೀಗೇ ಇರಬೇಕೆಂದು ತಲೆತಗ್ಗಿಸಿದರು. ಅವರನ್ನು ನೋಡಿ ಎಲ್ಲರೂ ತಲೆತಗ್ಗಿಸಿದರು, ಟ್ಯಾಂಕ್ ಮನೆ ಅಕ್ಕನೂ ಸೇರಿ. ಟೈಲರಕ್ಕ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎರಡನೆಯದನ್ನೂ ಎತ್ತಿಬಿಟ್ಟಿದ್ದರು.

“ಪಕ್ಕದ್ಮನೆ ಅತ್ತೆ. ಕಂಕುಳು ಬಿಗಿ. ಒಂದು ಇಂಚು ಬಿಡಬೇಕು.”

ಬೀದಿಗೆ ಬೀದಿಯೇ ನಮ್ಮತ್ತೆಯನ್ನು ನೋಡಿತು. ಬದುಕಿರುವವರ ಚೀಟಿಯನ್ನು ಸತ್ತವರ ಪ್ರಾರ್ಥನೆಗೆ ತಂದುಕೊಟ್ಟವಳು ನಾನು, ಅದೂ ಅಪಶಕುನಕ್ಕೆ ಇಷ್ಟು ಹೆದರುವ ಅತ್ತೆಯದನ್ನೇ. ಅಕ್ಕನ ಮುಖ ಬಿಳಿಚಿಕೊಂಡಿತ್ತು. ಅತ್ತೆ ಎದ್ದರೆ ಬೀದಿಯೂ ಏಳುತ್ತದೆ. ಎದ್ದರೆ ಮತ್ತೆಂದೂ ಬಂದು ಕೂರುವುದಿಲ್ಲ.

ಅತ್ತೆ ಏಳಲಿಲ್ಲ. ಬಿಗಿ ಎಂದು ಎರಡು ಸಲ ಹೇಳಿದ್ದೆ, ಬರೆದುಕೊಂಡಿದ್ದಾಳೆ, ಬಿಚ್ಚಿ ಹೊಲಿದಿಲ್ಲ ಎಂದು ಮೊದಲು ತಮ್ಮ ತಕರಾರನ್ನು ಸಭೆಗೆ ತಿಳಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅತ್ತೆಯ ದನಿ ಬೇರೆಯಾಯಿತು.

“ಅಲ್ಲೂ ಒಬ್ಬಳು ಅತ್ತೆ ಇದ್ದಿರ್ತಾಳಮ್ಮ. ಅವಳೂ ಹಬ್ಬಕ್ಕೆ ಅಂತ ರವಿಕೆ ಹೊಲಿಯೋಕೆ ಕೊಟ್ಟಿರ್ತಾಳೆ. ಈಸ್ಕೊಳ್ಳೋಕೆ ಬರಲಿಲ್ಲ, ಅಷ್ಟೇ. ಓದಿ ಮೇಷ್ಟ್ರೇ.”

ಮೇಷ್ಟ್ರು ಓದಲು ಹೋದರು. ಅಕ್ಕ, ಒಂದ್ನಿಮಿಷ ಎಂದು ಡಬ್ಬಿಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ತಲೆಬಗ್ಗಿಸಿ ಅದರಲ್ಲಿ ಏನೋ ಹುಡುಕಿದರು. ಸಾವರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಡಬ್ಬಿಯನ್ನು ಮುಂದಕ್ಕೆ ದಾಟಿಸಿದರು. ಒಬ್ಬೊಬ್ಬರೂ ಒಂದೊಂದು ಎತ್ತಿ ಓದಿದರು. ಮೇಷ್ಟ್ರ ಹೆಂಡತಿ, ಹಿಂದೆ ಹುಕ್ಸು. ಮೂಲೆ ಮನೆ ಅಜ್ಜಿ, ಕುತ್ತಿಗೆ ಇಳಿಸಬಾರದು. ಹಾಲಿನ ಮನೆ ಸೊಸೆ, ಅವಸರ... ನಗುತ್ತಲೇ ಶುರುವಾದ ಓದು, ಮುಗಿಯುವ ಹೊತ್ತಿಗೆ ಅಲ್ಲಿ ಮೂಗು ಒರೆಸಿಕೊಳ್ಳದವರು ಮೇಷ್ಟ್ರೊಬ್ಬರೇ. ಟಿವಿಯಲ್ಲಿ ಒಂದು ವರ್ಷ ನೋಡಿದರೂ ಕಾಣದಿದ್ದ ಮುಖಗಳು ಆ ಸಂಜೆ ಚಾಪೆಯ ಮೇಲೆ ಕಂಡವು. ನಮ್ಮಂಥವರೇ, ನಮ್ಮ ಅಳತೆಯವರೇ.

ಅಕ್ಕ ಕಣ್ಣು ಮುಚ್ಚಿದರು. ಬಾಯಲ್ಲಿ ಪಿನ್ನಿಲ್ಲದೆ ಅವರು ಪ್ರಾರ್ಥನೆ ಮಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

“ತಂದೇ, ಇವರ ಅಳತೆ ನನ್ನ ಹತ್ರ ಇದೆ. ಅವರ ಅಳತೆ ನಿನ್ನ ಹತ್ರ ಇದೆ. ಅಲ್ಲಿ ಯಾರಿಗೂ ಬಿಗಿ ಆಗದ ಹಾಗೆ ನೋಡ್ಕೋ. ನಾನು ಹಾಡ್ತಿದ್ದೆ. ನಂಗೆ ಗೊತ್ತಿರಲಿಲ್ಲ. ಆಮೆನ್.”

ಬೀದಿಯವರು ಹಿಂದುಮುಂದಾಗಿ ಆಮೆನ್ ಎಂದರು. ಅತ್ತೆ ಕೈಮುಗಿದು ಗೋವಿಂದಾ ಎಂದರು, ಅಭ್ಯಾಸ. ಆಮೇಲೆ ಎಲ್ಲರಿಗೂ ಕೇಕು, ಅತ್ತೆಗೆ ಕಜ್ಜಾಯ. ಆ ಸಲ ಬೆಲ್ಲ ಕಡಿಮೆ ಎನ್ನಲಿಲ್ಲ.

ಮರುದಿನ ಅಕ್ಕನ ಮುಂದೆ ನಿಂತು ನನ್ನ ಹಿಂದೆ–ಕಿಂದಗಳ ಕಥೆ ಹೇಳಿ ತಪ್ಪೊಪ್ಪಿಕೊಂಡೆ. ಅವರು ಮಿಷಿನ್ ನಿಲ್ಲಿಸಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹಿಂದೆ ಇದ್ದ ಡಬ್ಬಿಗೆ ಆಮೇಲೆ ಗುಂಡಿಗಳನ್ನು ತುಂಬಿಟ್ಟರು. ಅದು ಊಹಿಸಿ ಬರೆದದ್ದು, ಇದು ಅಳತೆ ತೆಗೆದು ಬರೆದದ್ದು, ಇದೇ ಇರಲಿ ಎಂದರು. ಆ ವಾರವೇ ನನ್ನ ಹಸಿರು ರವಿಕೆಯನ್ನೂ ಕೊಟ್ಟರು. ನನಗೆ ಹತ್ತಲಿಲ್ಲ. ಮಗುವಾದ ಮೇಲೆ ಹಾಕಿಕೋ, ಅವಸರವೇನು ಎಂದರು. ಮಗುವಾದ ಮೇಲೂ ಹತ್ತಲಿಲ್ಲ. ಅದಕ್ಕೆ ಕಾರಣ ಅತ್ತೆಯ ಬಾಣಂತನದ ತುಪ್ಪ.

ಅಲ್ಲಿಂದ ಮುಂದೆ ಪ್ರತಿ ವರ್ಷ ಕ್ರಿಸ್‌ಮಸ್ಸಿನ ಮರುದಿನ ಸಂಜೆ ಅದೇ ಚಾಪೆ, ಅದೇ ಡಬ್ಬಿ. ಚೀಟಿಯಲ್ಲಿ ತಮ್ಮ ತಕರಾರು ಚೆನ್ನಾಗಿ ಬರಲಿ ಎಂದು ಹೆಂಗಸರು ವಾರ ಮುಂಚೆಯೇ ಬಂದು ಹೊಸ ತಕರಾರು ಬರೆಸುತ್ತಿದ್ದರು. ಒಂದು ವರ್ಷ ಪಾಸ್ಟರೂ ಬಂದರು. ‘ಟ್ಯಾಂಕ್ ಮನೆ ಅಕ್ಕ, ಈ ಸಲ ದಪ್ಪ ಆಗಿದ್ದಾಳೆ’ ಎಂಬ ಚೀಟಿ ಅವರಿಗೇ ಬಂದು, ಓದಲೂ ಆಗದೆ ಬಿಡಲೂ ಆಗದೆ ಕೆಂಪಾಗಿಹೋದರು.

ನನ್ನ ಚೀಟಿ ಮಾತ್ರ ಒಂದು ವರ್ಷವೂ ಬರಲಿಲ್ಲ. ಹಾಲಿನ ಮನೆ ಸೊಸೆಯದು ಬರುತ್ತದೆ, ಪಕ್ಕದ ಮನೆ ಸೊಸೆಯದು ಯಾಕಿಲ್ಲ ಎಂದು ನನಗೆ ಒಳಗೊಳಗೇ ಮುನಿಸು. ಒಂದು ಸಲ ಕೇಳಿಯೂಬಿಟ್ಟೆ. ಅಕ್ಕ ಪಿನ್ನುಗಳ ನಡುವಿನಿಂದ, ನಿನ್ನದು ಬೇರೆ ಕಡೆ ಇಟ್ಟಿದ್ದೀನಿ ಎಂದರು. ಕಳೆದುಹಾಕಿದ್ದಾರೆ, ಒಪ್ಪಿಕೊಳ್ಳುತ್ತಿಲ್ಲ ಎಂದುಕೊಂಡೆ.

ಆಮೇಲೆ ಅಕ್ಕನಿಗೆ ಕಣ್ಣು ಮಂಜಾಯಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವಂತಾಯಿತು. ತಮ್ಮ ಬಂದು ಮಾಲೂರಿಗೆ ಕರೆದುಕೊಂಡು ಹೋದ. ಹೋಗುವಾಗ ಡಬ್ಬಿಯನ್ನು ಅತ್ತೆಯ ಕೈಗೆ ಕೊಟ್ಟರು. ಮೂರು ವರ್ಷದ ಹಿಂದೆ ಅಲ್ಲೇ ತೀರಿಕೊಂಡರು. ಅತ್ತೆ ಮತ್ತು ನಾನು ಕೋಲಾರದಲ್ಲಿ ಬಸ್ಸು ಬದಲಿಸಿ ಹೋದೆವು. ಮಣ್ಣು ಮಾಡುವಾಗ ಅಲ್ಲಿಯ ಪಾಸ್ಟರು ಅವರ ಹೆಸರು ಓದಿದರು. ಅತ್ತೆ ನನ್ನ ಕಿವಿಯಲ್ಲಿ, ಯಾರದು ಎಂದು ಕೇಳಿದರು. ಅಕ್ಕನದೇ ಎಂದೆ. ಅಷ್ಟು ವರ್ಷ ಗೋಡೆಗೆ ಗೋಡೆ ಹತ್ತಿಕೊಂಡಿದ್ದು, ಹೆಸರು ಕೇಳಿದ್ದು ಅಂದು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರೂ ನಮ್ಮ ಹೆಸರು ಎಲ್ಲಿಯೂ ಬರೆದವರಲ್ಲ.

ಅವರಿಲ್ಲದೆ ಆ ಸಂಜೆಯೂ ನಿಂತಿತು. ಒಂದು ವರ್ಷ ನಾವೇ ಕೂತು ಚೀಟಿ ಓದಿದೆವು. ಕೊನೆಗೆ ‘ತಂದೇ’ ಎನ್ನುವವರು ಇರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದೆವು... ಡಬ್ಬಿ ಅತ್ತೆಯ ಮಂಚದ ಕೆಳಗಿದೆ. ಅದರಲ್ಲಿ ಬೇರೇನನ್ನೂ ಹಾಕಲು ಬಿಡುವುದಿಲ್ಲ.

ಈಗ ಚೀಟಿಯ ಒಳಭಾಗ. ಹೊಲಿಗೆ ಬಿಚ್ಚಿ ತೆರೆದಾಗ, ಬೇರೆ ಶಾಯಿಯಲ್ಲಿ, ಅವಸರದಲ್ಲಿ ಬರೆದ ಹಾಗೆ ಒಂದೇ ಸಾಲು ಇತ್ತು: ‘ಆರು ತಿಂಗಳು. ಇದು ಆ ಡಬ್ಬಿಗೆ ಬೇಡ ತಂದೇ.’

ಅಂದು ಮಡಿಲಿಗೆ ಡಬ್ಬಿ ಎಳೆದುಕೊಂಡು ಅವರು ಹುಡುಕಿದ್ದು ಇದನ್ನು. ಅತ್ತೆಯ ಹೆದರಿಕೆಗೆ ಸರಿ ಅಮ್ಮ ಎಂದಷ್ಟೇ ಹೇಳಿದ್ದವರು, ಯಾರಿಗೂ ತಿಳಿಯದ ಹಾಗೆ ನನ್ನನ್ನು ಎತ್ತಿಟ್ಟು, ನನ್ನ ರವಿಕೆಯೊಳಗೇ ಇಟ್ಟು ಹೊಲಿದಿದ್ದರು. ಇಪ್ಪತ್ತು ವರ್ಷ ನಾನು ಮುನಿಸಿಕೊಂಡಿದ್ದೆ. ಈಗ ಹೋಗಿ ಹೇಳೋಣವೆಂದರೆ ಗೋಡೆಯಾಚೆ ಯಾರೂ ಇಲ್ಲ.

ಅತ್ತೆಗೆ ಓದಿ ಹೇಳಿದೆ. ಎಂಬತ್ತು ದಾಟಿದವರು, ಚೀಟಿಯನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕಣ್ಣೊರೆಸಿಕೊಂಡು, “ನನ್ನನ್ನ ಮಾತ್ರ ಆ ಡಬ್ಬಿಯೊಳಗೇ ಬಿಟ್ಟಿದ್ಲು ನೋಡು, ಕಳ್ಳಿ,” ಎಂದು ನಕ್ಕರು.

ಚೀಟಿಯನ್ನು ಮತ್ತೆ ಮಡಿಸಿ ಲೈನಿಂಗಿನೊಳಗೆ ಇಟ್ಟು ಹೊಲಿದೆ. ಅಂದಿನ ಆರು ತಿಂಗಳಿನವಳೇ ಈಗ ಅದನ್ನು ತೊಟ್ಟುಕೊಂಡು ಕಂಪನಿ ಬಸ್ಸು ಹತ್ತುತ್ತಾಳೆ. ಅಷ್ಟರಲ್ಲಿ ಅತ್ತೆ ಮಂಚದ ಕೆಳಗಿನಿಂದ ಡಬ್ಬಿ ತೆಗೆಸಿದ್ದರು. ಈ ಸಲ ಚಾಪೆ ಹಾಸಬೇಕು, ತಂದೇ ಎನ್ನಲು ಯಾರೂ ಇಲ್ಲದಿದ್ದರೆ ನಾನೇ ಎನ್ನುತ್ತೇನೆ ಎಂದರು. ಒಂದು ಬಿಳಿ ಬಟ್ಟೆಯ ಚೂರು ಕತ್ತರಿಸಿ ಮೊಮ್ಮಗಳ ಕೈಗೆ ಪೆನ್ನು ಕೊಟ್ಟು, ಪಕ್ಕದ್ಮನೆ ಅಕ್ಕ ಎಂದು ಬರೆಸಿದರು.

ಅಳತೆ ಎಷ್ಟು ಎಂದು ಕೇಳಿದಳು ಮಗಳು. ಬೀದಿಯ ಎಲ್ಲರ ಮೈಗೂ ಟೇಪು ಹಿಡಿದವರು ಅವರು. ಅವರ ಭುಜಕ್ಕೆ ಯಾರೂ ಒಂದು ದಿನವೂ ಟೇಪು ಇಟ್ಟಿರಲಿಲ್ಲ.

“ಕಂಕುಳು ಸಡಿಲ ಇರ್ಲಿ ಅಂತ ಬರಿ,” ಎಂದರು ಅತ್ತೆ.